ಬೆನ್ನ ಹೊಲಿಗೆ

ದೇರಾ, ನಾಸರ್ ಚೌಕ. ತೊಂಬತ್ತನಾಲ್ಕರ ಆಗಸ್ಟ್.
ಹೊರಗೆ ಡಾಂಬರು ಚಪ್ಪಲಿಗೆ ಅಂಟುತ್ತದೆ,
ಒಳಗೆ ನಾವು ತುಪ್ಪಳದ ಕೋಟು ಮಾರುತ್ತೇವೆ.
ಬೋರ್ಡಿನಲ್ಲಿ ಅರಬಿಗಿಂತ ರಷ್ಯನ್ ಅಕ್ಷರವೇ ದಪ್ಪ.
ನನಗೆ ಬರುವ ರಷ್ಯನ್ನು ಎರಡು ಗೇಣು:
ಎಷ್ಟು, ದುಬಾರಿ, ತೋಳು ಗಿಡ್ಡ, ನಾಳೆ ಬಾ.
ಮಿಕ್ಕಿದ್ದನ್ನು ಉರ್ದುವಿಗೆ ದಾಟಿಸುವವಳು ನಿಗೋರಾ,
ತಾಷ್ಕೆಂಟಿನವಳು, ಕ್ಯಾಷಿನಲ್ಲಿ ಕೂರುತ್ತಾಳೆ.

ಹೆಸರು ಕೇಳಿದಳು ಮುದುಕಿ.
ದೂಮಪ್ಪ, ಅಂದೆ. ಹೆಜಮಾಡಿಯ ದೂಮಪ್ಪ.
"ದೂಮಾ!" ಚಿನ್ನದ ಹಲ್ಲು ಕಾಣುವಂತೆ ನಕ್ಕಳು.
"ನಮ್ಮಲ್ಲೂ ಒಂದಿದೆ, ದೊಡ್ಡ ಸಭೆ.
ಝಾರ್ ತೆರೆದ, ಮುಚ್ಚಿದ, ತೆರೆದ, ಮುಚ್ಚಿದ.
ಹೋದ ಚಳಿಗಾಲ ಮತ್ತೆ ತೆರೆದಿದ್ದಾರೆ.
ನೀನು ಎಷ್ಟಕ್ಕೆ ಮುಚ್ಚುತ್ತೀ?"
ಹತ್ತಕ್ಕೆ, ಅಂದೆ.

ಗ್ಲಾಫಿರಾ ತಿಮೊಫೆಯೆವ್ನಾ, ತಂಬೋವ್ ಕಡೆಯವಳು.
ಹುಡುಗಿಯಾಗಿದ್ದಾಗ, ಮೇಲಿನಿಂದ ಆಜ್ಞೆ ಬಂದ ದಿನ,
ಪುಸ್ತಕದ ಮುಖಗಳಿಗೆ ಶಾಯಿ ಬಳಿದವಳು.
ಇತಿಹಾಸದ ಟೀಚರಾದಳು.
ಒಂದು ವರ್ಷ ಪರೀಕ್ಷೆಯನ್ನೇ ರದ್ದು ಮಾಡಿದರಂತೆ,
ಸರಿಯುತ್ತರ ಯಾವುದೆಂದು ಮೇಲಿನವರಿಗೂ ತಿಳಿಯದೆ.
ಈಗ ಏಳು ತಿಂಗಳ ಸಂಬಳ ಬಾಕಿ,
ಕೈಯಲ್ಲಿ ಚೌಕಳಿ ಚೀಲ,
ಅಲ್ಲಿಂದ ಕ್ಯಾಮೆರಾ, ಇಲ್ಲಿಂದ ಚರ್ಮದ ಜಾಕೀಟು.

ಕೋಟನ್ನು ಮೇಜಿನ ಮೇಲೆ ಬೋರಲು ಹಾಕಿದೆ.
ನರಿಯ ತುಪ್ಪಳ. ಎಡಕ್ಕೆ ಕೆಂಪು,
ಬಲಕ್ಕೆ ಹಾಲು ಹೆಚ್ಚಾದ ಚಹಾದ ಬಣ್ಣ.
ನಡುವೆ, ಕತ್ತಿನಿಂದ ಅಂಚಿನವರೆಗೆ,
ಬಲೆ ಹೆಣೆಯುವ ದಾರದಷ್ಟು ದಪ್ಪ ಹೊಲಿಗೆ,
ಕುಡಿದವ ಗದ್ದೆಯ ಬದುವಿನಲ್ಲಿ ನಡೆದ ಹಾಗೆ.
ಇದು ಯಾವ ದರ್ಜಿಯ ಕೈ? ಬಿಚ್ಚಿ ಸರಿಮಾಡುತ್ತೇನೆ, ಅಂದೆ.
ಕತ್ತರಿಯ ಮೇಲೆ ಅಂಗೈ ಇಟ್ಟಳು.

"ಒಡತಿಯ ಕೋಟಿದು. ಹದಿನೇಳರಲ್ಲಿ
ಊರವರು ಬಂಗಲೆ ಹಂಚಿಕೊಂಡರು,
ಪಿಯಾನೋ ಗರಗಸದಲ್ಲಿ, ಕೋಟು ಕತ್ತರಿಯಲ್ಲಿ.
ಎಡ ನಮಗೆ, ಬಲ ಪಕ್ಕದ ಮನೆ ನಿಕಾನೋರನಿಗೆ.
ಅರ್ಧ ಕೋಟು ಯಾರಿಗೆ ಬೇಕು? ಅಜ್ಜಿ ಕರುವಿಗೆ ಹೊದಿಸಿದಳು.

ಮೂವತ್ತರಲ್ಲಿ ನಿಕಾನೋರನಿಗೆ ಎರಡು ಹಸು.
ಒಂದೇ ಹಸುವಿನವರು ಕೂತು ಪಟ್ಟಿ ಬರೆದರು.
ಜಾರುಬಂಡಿಗಳು ಹೋದದ್ದು ರಾತ್ರಿ.
ಬೆಳಿಗ್ಗೆ ನಮ್ಮ ಮೆಟ್ಟಿಲ ಮೇಲೆ
ಬಲದ ಅರ್ಧ, ಅಚ್ಚುಕಟ್ಟಾಗಿ ಮಡಿಸಿಟ್ಟದ್ದು.
ಅಜ್ಜಿ ಅಂದೇ ಕೂತು ಹೊಲಿದಳು. ತೊಡಲಿಲ್ಲ, ಒಮ್ಮೆಯೂ."

ಇನ್ನೊಂದು ಮಾತು ಹೇಳಿದಳು.
ನಿಗೋರಾ ದಾಟಿಸದೆ ಚಿಲ್ಲರೆ ಎಣಿಸಿದಳು.

"ನಿನ್ನ ಪಾಸ್‌ಪೋರ್ಟ್ ಎಲ್ಲಿ, ದೂಮಾ?"
ಅರ್ಬಾಬನ ಕುರ್ಚಿಯ ಹಿಂದಿನ ಕಬ್ಬಿಣದ ಪೆಟ್ಟಿಗೆಗೆ
ಸೂಜಿಯಲ್ಲೇ ತೋರಿಸಿದೆ.
"ಸಾಮೂಹಿಕ ಹೊಲದ ನಮ್ಮಮ್ಮನಿಗೆ ಅದು ಸಿಕ್ಕಿದ್ದು ಐವತ್ತೊಂಬತ್ತಕ್ಕೆ.
ಸಿಕ್ಕ ದಿನ ಸ್ಟೇಷನ್ನಿಗೆ ನಡೆದು ಹೋದಳು,
ಬೆಂಚಿನಲ್ಲಿ ಕೂತು ಎರಡು ರೈಲು ನೋಡಿದಳು,
ಮನೆಗೆ ಬಂದು ಹಾಲು ಕರೆದಳು.
ಅವಳ ಮುತ್ತಜ್ಜ..."
ಆ ಪದಕ್ಕೆ ನಿಗೋರಾ ತಡವರಿಸಿದಳು.
"ಗುಲಾಮ ಅಲ್ಲ, ನೆಲ ಮಾರಿದರೆ ನೆಲದ ಜೊತೆ ಹೋಗುವವನು..."
ಸಾಕು, ಅಂದೆ. ಮೂಲದಾಳು.
ನನ್ನ ಅಜ್ಜಿಯ ಅಪ್ಪ.
ನನ್ನ ಪದ ರಷ್ಯನ್ನಿಗೆ ದಾಟಲಿಲ್ಲ.
ಮುದುಕಿ ನನ್ನ ಕೈಬೆರಳು ನೋಡಿದಳು, ಅಷ್ಟೇ.

ತೋಳಿನ ಅಸ್ತರು ಮಾತ್ರ ಹಾಕಿದೆ. ಏಳು ದಿರ್ಹಂ.
ರಾತ್ರಿಯ ವಿಮಾನ, ಲಗೇಜು ಇಪ್ಪತ್ತೇ ಕಿಲೋ,
ಮೈಮೇಲೆ ಇದ್ದದ್ದಕ್ಕೆ ತೂಕವಿಲ್ಲ.
ಅಲ್ಲೇ ತೊಟ್ಟು ಗುಂಡಿ ಹಾಕಿಕೊಂಡಳು,
ನಲವತ್ತಮೂರು ಡಿಗ್ರಿಗೆ ಇಳಿದು ಹೋದಳು.
ಪಠಾಣ ಟ್ಯಾಕ್ಸಿ ನಿಲ್ಲಿಸಿ ಬಾಯಿಬಿಟ್ಟ.
ಗಾಜಿನಾಚೆ ಎಡದ ತುಪ್ಪಳ ಒಂದು ಬಗೆ,
ಬಲದ್ದು ಇನ್ನೊಂದು ಬಗೆ ಅಲುಗುತ್ತಿತ್ತು.

ಆಮೇಲೆ ನಿಗೋರಾ ಹೇಳಿದಳು, ಬಿಟ್ಟ ಮಾತನ್ನು:
ಆ ಪಟ್ಟಿ ಬರೆದದ್ದು ಇವಳ ಅಜ್ಜನ ಕೈ.

ಅರ್ಬಾಬ್ ಬಂದು ಕೇಳಿದ,
ಬೆನ್ನ ಹೊಲಿಗೆ ಹಾಗೇ ಬಿಟ್ಟೆಯಂತೆ, ಯಾಕೆ?
ದಾರ ಗಟ್ಟಿಯಿತ್ತು, ಅಂದೆ.